ಕಡೀಕ ಏರಿಸೂದು

ಹನ್ನೆರಡೂವರಿ ಹೈದರಾಬಾದ್ ವಿಮಾನ.
ಸಣ್ಣದು, ಪಂಖಾದ್ದು. ಸಾಂಬ್ರಾದ ಗಾಳಿ
ಅದರ ಬಾಲಾ ಹಿಡದು ಅಳ್ಳಾಡಿಸ್ತಿತ್ತು.
ಚೀಲಾ ಎಲ್ಲಾ ಹೊಟ್ಟಿಗೆ ಹಾಕಿ ಮುಗಿಸಿದ್ವಿ.
ಯಾರದೋ ಕುಂದಾದ ಡಬ್ಬಿ ತುಪ್ಪ ಬಿಟ್ಟು
ನನ್ನ ಕೈಗವಸು ಅಂಟಂಟು.

ವಾಕಿಟಾಕಿಯೊಳಗ ಘೋರ್ಪಡೆ ಸಾಹೇಬ್ರು:
"ಸಿದ್ರಾಯಿ, ಇನ್ನೂ ಎರಡು ಅದಾವ. ಕೂಸಿಂದು."

ಮೊದಲ ಬಂದದ್ದು ಕುರ್ಚಿ.
ಹಳೇ ದುಪ್ಪಟಿ ಸುತ್ತಿ, ಸುತಳಿ ಬಿಗದು,
ಮ್ಯಾಲೊಂದು ರಟ್ಟು: ಕೂಸಿನ ಕುರ್ಚಿ, ಒಗೀಬ್ಯಾಡ್ರಿ.
ಕನ್ನಡದಾಗ, ಅದರ ಕೆಳಗ ಮರಾಠಿ,
ಅದರ ಕೆಳಗ ಹಿಂದಿ.
ಬೋರ್ಡಿನ ಅಕ್ಷರಕ್ಕ ಕಲ್ಲು ಬೀಳೋ ಊರಾಗ
ಈಕಿ ಒಂದ ರಟ್ಟಿನ ಮ್ಯಾಲ ಮೂರನ್ನೂ
ಜಗಳಿಲ್ಲದ ಕೂಡಿಸಿದ್ಳು.
ದುಪ್ಪಟಿ ಸರದಲ್ಲೆ ಇಣುಕಿ ನೋಡಿದೆ:
ಐದು ಪಟ್ಟಿ, ಐದೂ ಬಂದು
ಕೂಸಿನ ಹೊಟ್ಟಿ ಮ್ಯಾಲ ಒಂದ ಗುಂಡಿಗೆ ಕೂಡ್ತಾವ.
ಒಗೀಲಿಲ್ಲ. ಇಟ್ಟೆ.

ಆಮ್ಯಾಲ ಗಾಡಿ.
ತಳ್ಳೂ ಗಾಡಿ, ವಿಮಾನದ ಮೆಟ್ಟಿಲ ತನಕ
ಕೂಸು ಅದರಾಗ ಕುಂತ ಬಂದಿತ್ತು, ರಾಜನಂಗ.
ಖಾಲಿ ಮಾಡಿ ನನಗ ಒಪ್ಪಿಸಿ ತಾಯಿ ಮ್ಯಾಲ ಹೋದ್ಳು.
ಮಡಚಾಕ ಹೋದೆ. ಮಡಚಲಿಲ್ಲ.
ಪಂಪ್‌ಸೆಟ್ಟು ಎತ್ತೀನಿ, ಮಂದೀ ಮದವಿಯ ತಾಮ್ರದ ಹಂಡೆ ಎತ್ತೀನಿ,
ಒಮ್ಮೆ ಬಾವುಟ ಸುತ್ತಿದ ಪೆಟ್ಟಿಗಿ
ಎಂಟು ಜನ ಸಿಪಾಯಿಗಳ ಕೈಗೆ ಇಳಿಸೀನಿ.
ಏಳು ಕಿಲೋದ ಈ ಗಾಡಿ
ನನ್ನ ಕೈಯಾಗ ಹಟಮಾರಿ ಆಡಿನಂಗ
ನಾಕೂ ಕಾಲು ಊರಿ ನಿಂತಿತು.
ಬಸವಂತ ಒತ್ತಿದ. ಇರ್ಫಾನ್ ಜಗ್ಗಿದ.
ಪೈಲಟ್ ಕಿಡಕ್ಯಾಗಿಂದ ಗಡಿಯಾರ ನೋಡಿದ.

ತಾಯಿ ಮತ್ತ ಇಳದು ಬಂದ್ಳು, ಕೂಸು ಟೊಂಕದ ಮ್ಯಾಲ.
"ಹಿಡೀರಿ," ಅಂದ್ಳು.
ಗಾಡಿ ಹಿಡಿಯೋ ಅಂತಾಳಂತ ತಿಳಕೊಂಡೆ.
ಕೂಸನ್ನ ಕೊಟ್ಟಳು.

ತುಪ್ಪದ ಕೈ ದೂರ ಚಾಚಿ
ಮೊಣಕೈಯಾಗ ಅವುಚಿಕೊಂಡೆ.
ತೂಕದ ಅಂದಾಜು ನನಗ ತಪ್ಪಂಗಿಲ್ಲ:
ಹನ್ನೊಂದು ಕಿಲೋ, ಚಪ್ಪಲ್ ಬಿಟ್ಟು.
ಟ್ಯಾಗಿಲ್ಲ, ಚೀಟಿಲ್ಲ.
ಅಳಲಿಲ್ಲ. ನೆನದ ಟೋಸ್ಟಿನ ಕೈಲೆ
ನನ್ನ ಜಾಕೀಟಿನ ಮಿಂಚೂ ಪಟ್ಟಿ ಕೆರೀತಿತ್ತು,
ಬೆಳಕು ಎಬ್ಬಿಸಿ ತಗೋಬೇಕಂತ.

ಅಷ್ಟರಾಗ ಆಕಿ ಹಿಂದಿನ ಕೆಂಪ ಗುಂಡಿಗೆ
ಒಂದ ಒದಿ ಒದ್ಳು, ಹೆಬ್ಬೆರಳಲೆ ಏನೋ ಸರಿಸಿದ್ಳು.
ಗಾಡಿ ಮಂಡಿ ಊರಿ ಮಲಗಿತು.
"ಮೂರು ದಿನಾ ಕಲತೀನ್ರಿ ಇದನ್ನ," ಅಂದ್ಳು, ಉಸರು ಹತ್ತಿ.
"ಅಲ್ಲಿ ಇಳದಾಗ ಮೆಟ್ಟಲಕ್ಕ ತಂದ ಕೊಡ್ತಾರಲ್ರೀ?"
"ಕೊಡ್ತಾರ್ರಿ," ಅಂದೆ.
ಅಲ್ಲಿ ಯಾರದು ಪಾಳಿ, ನನಗೇನ ಗೊತ್ತು?
ಕಡೀಕ ಏರಿಸಿದ್ದು ಮೊದಲ ಇಳೀತೈತಿ,
ನಮ್ಮ ಶಾಸ್ತ್ರ ಅಷ್ಟ.
ಬಾಗಿಲ ಬಾಜೂಕ ಇಟ್ಟು ಜಾಳಗಿ ಬಿಗದೆ,
ಬಿಗದ ಮ್ಯಾಲ ಇನ್ನೊಮ್ಮೆ ಜಗ್ಗಿ ನೋಡಿದೆ.

ವಿಮಾನ ಹೋದ ಮ್ಯಾಲ ಬಯಲಾಗ
ಒಂದು ಕಾಲ್ಚೀಲ, ಬೆರಳಿಗೆ ಹಾಕ್ಕೊಳ್ಳೂ ಅಷ್ಟು.
ಅಲ್ಲಿ ಬಿದ್ದದ್ದೆಲ್ಲ ಕಸಾ ಅಂತ ಕಾಯದೆ.
ಘೋರ್ಪಡೆ ಸಾಹೇಬ್ರು ಬುಕ್ಕಿನಾಗ ಬರಕೊಂಡ್ರು:
ಒಂದು, ಹಳದಿ.
ಜೋಡಿ ಅಂತ ಬರಿಯೂ ಜಾಗಾದಾಗ
ಸ್ವಲ್ಪ ಹೊತ್ತು ಪೆನ್ನು ನಿಲ್ಲಿಸಿದ್ರು.

ಸಂಜೀಕ ಅಂಗನವಾಡಿ ಬಾಗಿಲಾಗ ಲಗಮಿ ಕಾಯಾಕತ್ತಿದ್ಳು.
ದಿನಾ ಪೆಟ್ರೋಲ್ ಟಾಕಿ ಮ್ಯಾಲ ಕುಂಡ್ರತಾಳ
ಕನ್ನಡಿ ಕಡ್ಡಿ ಹಿಡಕೊಂಡು.
ಇವತ್ತ ಆಕಿ ಅವ್ವನ ಓಡ್ನಿ ತಂದು
ಆಕೀನ ನನ್ನ ಹೊಟ್ಟಿಗೆ ಕಟ್ಟಿದೆ.
ಐದು ಕಡೆಯಿಂದ ಬರಬೇಕಿತ್ತು,
ನನಗ ಎರಡ ಕಡೆಯಿಂದ ಬಂತು.
"ನಾ ಏನ್ ಬ್ಯಾಗೇನ?" ಅಂತ ನಕ್ಕಳು.
ಮುತಗಾದ ತನಕ ಇಪ್ಪತ್ತೈದರಾಗ ಹೊಡದೆ.
ಹಿಂದಿನ ಟೆಂಪೋದಾಂವ ಹಾರ್ನ್ ಹಾಕಿ ಹಾಕಿ
ನಮ್ಮಪ್ಪನ ಹೆಸರು ತಗದು ಬೈದ.