ತಂಪಾದ ಜಾಗ

ಗುಣಮಟ್ಟ ಸಮಿತಿಯ ಕಡತದಲ್ಲಿ ಅದು ಇನ್ನೂ ಇದೆ,
ನೂರಕ್ಕೆ ನೂರು ಬಂದ ಕೇಸು.
ಇನ್ಸುಲಿನ್ ಕೊಟ್ಟಿದೆಯೇ? ಹೌದು.
ತಂಪಿನಲ್ಲಿಡಲು ಹೇಳಿದೆಯೇ? ಹೌದು.
ರೋಗಿಗೆ ಅರ್ಥವಾಗಿದೆಯೇ? ಹೌದು.
ಕೆಳಗೆ ಸಹಿ, ಆಗ ಪೂರ್ತಿ ಹೆಸರು ಬರೆಯುತ್ತಿದ್ದೆ:
ವತ್ಸಲಾ ಪೆಡ್ನೇಕರ, ಸ್ಟಾಫ್ ನರ್ಸ್.

ನಾಗವೇಣಿ ಹರಿಕಂತ್ರ, ಬೈತಖೋಲ.
ವಯಸ್ಸು ಕೇಳಿದರೆ ‘ನೀವೇ ಏನಾದ್ರೂ ಬರ್ಕೊಳ್ಳಿ’ ಅಂದಿದ್ದಳು.
ಮೂರು ತಿಂಗಳು ಸಕ್ಕರೆ ಇಳಿಯಲೇ ಇಲ್ಲ.
ನಾನು ಕೆಂಪು ಶಾಯಿಯಲ್ಲಿ
‘ಹೇಳಿದ್ದು ಕೇಳುವುದಿಲ್ಲ’ ಎಂದು ಬರೆದು
ಅಡಿಗೆರೆ ಎಳೆದೆ, ಎರಡು ಸಲ.

ಬಲಗಾಲಿನ ಎರಡು ಬೆರಳು ತೆಗೆದ ದಿನ
ಅವಳ ಮಗ ತಂದ ಸೀಸೆಗೆ ಬಂಗಡೆಯ ವಾಸನೆ.
ಅಲುಗಾಡಿಸಿದೆ.
ಹಾಲಿನಂತಿರಬೇಕಾದದ್ದು
ಒಡೆದ ಹಾಲಿನಂತೆ ಚೂರು ಚೂರು.

‘ಐಸಲ್ಲೇ ಇಟ್ಟಿದ್ದೆ ಅಮಾ,
ತಂಪಲ್ಲಿಡು ಅಂದ್ರಲ್ಲ ನೀವೇ.
ಮೀನಿನ ಪೆಟ್ಟಿಗೆಗಿಂತ ತಂಪು ನಮ್ಮ ಕೇರೀಲಿ ಎಲ್ಲುಂಟು?
ಒಂದಿನ ಸೂಜಿ ತಪ್ಪಿಸಿದ್ದಿಲ್ಲ.
ಐಸಿಗೆ ಅಂತ ದಿನಾ ಹತ್ತು ರೂಪಾಯಿ ಹೆಚ್ಚಿಗೆ ಹಾಕಿದ್ದೆ.’

ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.
ಪುಸ್ತಕದಲ್ಲಿತ್ತು, ನನಗೆ ಗೊತ್ತಿತ್ತು.
ಫ್ರಿಜ್ ಇದೆಯಾ ಎಂದು ಕೇಳುವ ಒಂದು ಸಾಲು ಮಾತ್ರ
ಯಾವ ಹಾಳೆಯಲ್ಲೂ ಇರಲಿಲ್ಲ,
ನನ್ನ ಬಾಯಲ್ಲೂ.

ಆಮೇಲೆ ಪಾಠ ಹೇಳುವ ಕೆಲಸಕ್ಕೆ ಬಂದೆ.
‘ಬಡತನ ಮತ್ತು ಆರೋಗ್ಯ’ ಎರಡು ಗಂಟೆ,
ಪರೀಕ್ಷೆಗೆ ಐದು ಅಂಕ, ವ್ಯಾಖ್ಯೆ ಬರೆದರೆ ಮೂರು ಖಾತ್ರಿ.
ನಾನು ಬೋರ್ಡಿನ ಮೇಲೆ ಏನೂ ಬರೆಯುವುದಿಲ್ಲ.
ಒಂದೊಂದು ಖಾಲಿ ಸೀಸೆ ಕೈಗೆ ಕೊಟ್ಟು
ಹೋಗಿ, ಅನ್ನುತ್ತೇನೆ, ಫ್ರಿಜ್ ಇಲ್ಲದ ಮನೆಯಲ್ಲಿ
ಇದಕ್ಕೊಂದು ಜಾಗ ಹುಡುಕಿ ಬನ್ನಿ.

ಕೋಡಿಬಾಗಕ್ಕೆ, ಸೇತುವೆ ದಾಟಿ ಚಿತ್ತಾಕುಲಕ್ಕೆ
ಇಸ್ತ್ರಿ ಮಾಡಿದ ಬಿಳಿಯಲ್ಲಿ ಹೋಗುತ್ತಾರೆ,
ಸಂಜೆ ಬೆವರಿ ಬರುತ್ತಾರೆ.
ನೀರಿನ ಕೊಡದ ಹಿಂದೆ. ಬಾವಿಕಟ್ಟೆಯ ಪಾಚಿಯ ಮೇಲೆ.
ದೇವರ ಗೂಡಿನಲ್ಲಿ; ಆದರೆ ಅಲ್ಲಿ ದೀಪ ಹಚ್ಚುತ್ತಾರೆ ಮೇಡಂ, ಬಿಸಿ.
ಒಬ್ಬ ಹುಡುಗ, ಪಕ್ಕದ ಮನೆಯ ಫ್ರಿಜ್ ಅಂದ.
ಕೇಳಿದೆಯಾ?
ಇಲ್ಲ.
ನಾಳೆ ಕೇಳಿ ಬಾ. ಕೇಳುವಾಗ ನಿನ್ನ ದನಿ ಹೇಗಾಯಿತು,
ಅದನ್ನು ಬರೆದುಕೊಂಡು ಬಾ.

ಈ ವರ್ಷ ಒಬ್ಬಳು ಬೆಂಚಿನಿಂದ ಏಳಲೇ ಇಲ್ಲ.
ಜಸಿಂತಾ ಸಿದ್ದಿ, ಯಲ್ಲಾಪುರದ ಕಡೆಯವಳು.
‘ನನಗೆ ಗೊತ್ತು ಮೇಡಂ. ಮಡಕೆಯೊಳಗೆ ಮಡಕೆ,
ನಡುವೆ ಒದ್ದೆ ಮರಳು, ಮೇಲೊಂದು ಹಸಿ ಗೋಣಿ.
ಅಜ್ಜನಿಗೆ ನಾನೇ ಮಾಡಿಕೊಟ್ಟಿದ್ದೆ.
ಮರಳು ಒಣಗಬಾರದು, ಅಷ್ಟೇ.
ನಾನು ಹಾಸ್ಟೆಲಿಗೆ ಬಂದಮೇಲೆ ನೀರು ಹಾಕುವವರು...’
ಅಲ್ಲಿಗೇ ಬಿಟ್ಟು, ಸೀಸೆ ತಿರುಗಿಸುತ್ತ ಕೂತಳು.
ನಾನೂ ಮುಂದೆ ಕೇಳಲಿಲ್ಲ,
ಕೇಳಿ, ಕೇಳಿ ಎಂದು ಇಪ್ಪತ್ತು ವರ್ಷ ಕಲಿಸಿದವಳು.

‘ಮನೆಯಲ್ಲಿ ತಂಪಾದ ಜಾಗ ಎಲ್ಲಿದೆ?’
ಈ ಪ್ರಶ್ನೆ ಸೇರಿಸಿ ಎಂದು ಸಮಿತಿಗೆ ಏಳು ಸಲ ಬರೆದಿದ್ದೇನೆ.
ಹಾಳೆಯಲ್ಲಿ ಜಾಗವಿಲ್ಲವಂತೆ.
ಪೆನ್ಸಿಲಿನಲ್ಲಿ ಅಂಚಿಗೆ ಬರೆಯುತ್ತೇನೆ;
ತಪಾಸಣೆಯವರು ಬರುವ ಹಿಂದಿನ ರಾತ್ರಿ ಯಾರೋ ಅಳಿಸುತ್ತಾರೆ.

ನಾಗವೇಣಿ ಈಗಲೂ ಮಾರ್ಕೆಟ್ಟಿನಲ್ಲಿ ಕೂರುತ್ತಾಳೆ,
ಬಲಗಾಲು ಸೆರಗಿನಡಿಗೆ.
ನನಗೆಂದು ಒಂದು ರೂಪಾಯಿ ಬಿಡುವುದಿಲ್ಲ.
ಬಂಗಡೆಯ ಕಿವಿರು ಎತ್ತಿ ತೋರಿಸುತ್ತಾಳೆ:
‘ನೋಡಿ ಅಮಾ, ಬೆಳಗಿನದು.
ಐಸು ಕಂಡದ್ದಲ್ಲ.’