ಕೈಗಡ

ಊರಿನ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ
ಉಸಿರು ಕೊಡುವ ಕೆಲಸ ನನ್ನದು:
ಸಿಲಿಂಡರಿನ ಕಿವಿ ತಿರುಗಿಸಿ, ಮಾಸ್ಕಿನ ದಾರ ಬಿಗಿದು
'ಎಳೀರಿ ಅಜ್ಜಾ, ಇನ್ನೊಂಚೂರು ಎಳೀರಿ' ಅನ್ನುವುದು.

ದೋಹಾದಲ್ಲಿ ಸಂಬಳ ನಾಲ್ಕು ಪಟ್ಟು,
ಕೆಲಸ ಉಲ್ಟಾ.
ಗಾಜಿನ ಕೋಣೆಯಿಂದ ಆಮ್ಲಜನಕ ಕದಿಯುತ್ತೇನೆ.
ನೂರಕ್ಕೆ ಇಪ್ಪತ್ತೊಂದು ಇದ್ದದ್ದನ್ನು ಹದಿನಾಲ್ಕಕ್ಕಿಳಿಸಿ
ಬೋರ್ಡಿಗೆ ಬರೆಯುತ್ತೇನೆ:
ಮೂರು ಸಾವಿರದ ಇನ್ನೂರು ಮೀಟರ್.
ಪಾರ್ಕಿಂಗಿನಾಚೆ ಕಡಲು, ದೋಸೆಕಾವಲಿಯಂಥ ನೆಲ;
ಇಲ್ಲಿ ಟ್ರೆಡ್‌ಮಿಲ್ಲಿನಡಿ ಒಂದು ಬೆಟ್ಟ,
ಸ್ವಿಚ್ಚು ನನ್ನ ಕೈಯಲ್ಲಿ.

ಬೆಳಿಗ್ಗೆ ಜಾಸಿಮ್, ನೂರು ಮೀಟರಿನವ.
ಆರು ಸೆಕೆಂಡು. ಬಿಟ್ಟ ಬಾಣ.
ಬೆಟ್ಟ ಅವನಿಗೆ ಗೊತ್ತೇ ಆಗಲಿಲ್ಲ.
'ನಿಮ್ಮ ಯಂತ್ರ ಕೆಟ್ಟಿದೆ' ಎಂದು ನಕ್ಕ.
ಕೆಟ್ಟಿಲ್ಲ ಮಾರಾಯ,
ಮೊದಲ ಓಟ ಕೈಗಡದ್ದು.
ಸ್ನಾಯು ಸೆರಗಿನ ಗಂಟು ಬಿಚ್ಚಿ ಎಣಿಸದೆ ಕೊಡುತ್ತದೆ,
ಗಾಳಿಯ ರುಜು ಕೇಳುವುದಿಲ್ಲ.
ತೀರಿಸುವುದು ಆಮೇಲೆ, ನಿಂತಾಗ,
ಇಪ್ಪತ್ತು ಸೆಕೆಂಡಿನ ಏದುಸಿರಲ್ಲಿ,
ಅಲ್ಲಿ ಕೂತಿದ್ದೇನಲ್ಲ ನಾನು, ಕವಾಟದ ಮೇಲೆ ಕೈಯಿಟ್ಟು.
ಎರಡನೆಯದು ಪರವಾಗಿಲ್ಲ.
ಐದನೆಯದಕ್ಕೆ ಮಂಡಿ ಏಳಲೊಲ್ಲದು.
ಎಂಟನೆಯದು ಮುಗಿದಾಗ ಕಂಬಿಗೆ ಜೋತುಬಿದ್ದು
ನನ್ನ ಕಡೆ ನೋಡಿದ
ಬಡ್ಡಿಯವನು ಬಾಗಿಲಿಗೆ ಬಂದಂತೆ.

ಮಧ್ಯಾಹ್ನ ಮರ್ಹೂನ್, ಒಮಾನಿನ ಸೂರಿನವ,
ಹತ್ತು ಸಾವಿರ ಮೀಟರಿನ ಕಾಲು.
ಅವನಜ್ಜ ಖರ್ಜೂರ ತಂದಿಳಿಸಿ
ಮಂಗಳೂರಿನ ಹಂಚು ತುಂಬಿಕೊಂಡು ಹೋಗುತ್ತಿದ್ದನಂತೆ.
ಈ ಓಟಕ್ಕೆ ಕೈಗಡವಿಲ್ಲ, ದಿನಗೂಲಿ.
ಬಂದ ಉಸಿರಿನಷ್ಟೇ ಹೆಜ್ಜೆ;
ಮೊದಲ ನಿಮಿಷದಿಂದಲೇ ಬಟವಾಡೆಯಲ್ಲಿ ಕಡಿತ.
ಬೆರಳಿನ ಕ್ಲಿಪ್ಪಿನಲ್ಲಿ ತೊಂಬತ್ತು, ಎಂಬತ್ತಾರು, ಎಂಬತ್ತೊಂದು.
ಎಡವಲಿಲ್ಲ, ಕೂಗಲಿಲ್ಲ,
ಎಣ್ಣೆ ತೀರಿದ ಬತ್ತಿಯ ಹಾಗೆ
ಇದ್ದಲ್ಲೇ ಸಣ್ಣಗಾದ.
ಮೊನ್ನೆ ಕಡಲಮಟ್ಟದಲ್ಲಿ ನಲವತ್ತೊಂದು ನಿಮಿಷ,
ಇವತ್ತು ಇಪ್ಪತ್ತಾರು.
ಟವೆಲ್ಲಿನೊಳಗಿಂದ ಕೇಳಿದ, 'ನಾನು ಕೆಟ್ಟೆನೋ?'
ಇಲ್ಲ, ಗಾಳಿ ತೆಳ್ಳಗಿತ್ತು ಅಂದೆ.
ತೆಳ್ಳಗೆ ಮಾಡಿದ್ದು ಯಾರೆಂದು ಹೇಳಲಿಲ್ಲ.

ನಾಲ್ಕೂವರೆಗೆ ಛೇವಾಂಗ್ ಮಾಪು ಹಿಡಿದು ಬಂದ,
ಡೋಲ್ಪಾದವ. ಬೆಟ್ಟವನ್ನು ಇನ್ನೂ ಇಳಿಸಿರಲಿಲ್ಲ.
ಒಳಗೆ ಹೋಗಿ ಇಬ್ಬರ ಬೆವರನ್ನೂ ಒರೆಸಿದ,
ಕಂಬಿ ಉಜ್ಜಿದ, ಬಗ್ಗಿದ, ಎದ್ದ,
ನಡುವೆ ಸಿಳ್ಳೆ.
ಮೂರು ಸಾವಿರದ ಇನ್ನೂರರಲ್ಲಿ ಸಿಳ್ಳೆ!
ಓಡಿಹೋಗಿ ಬಾಗಿಲು ತೆರೆದೆ,
ಅವನ ಬೆರಳು ಹಿಡಿದು ಕ್ಲಿಪ್ಪು ಹಾಕಿದೆ: ತೊಂಬತ್ತೊಂದು.
ಬರೆದುಕೊಳ್ಳಲು ಹಾಳೆಯಲ್ಲಿ ಅವನಿಗೆ ಖಾನೆಯಿಲ್ಲ.

'ಬಾಗಿಲು ಹಾಕಿ ಸಾಬ್,' ಹರಕು ಹಿಂದಿಯಲ್ಲಿ ಅಂದ,
'ಒಳ್ಳೇ ಗಾಳಿ ಹೋಗಿಬಿಡ್ತದೆ.'

ಹಾಕಿದೆ, ನಾನೂ ಒಳಗೇ ನಿಂತು.
ಸ್ವಲ್ಪ ಹೊತ್ತಿಗೆ ಕಿವಿ ತುಂಬ ನನ್ನದೇ ಎದೆ;
ಬಕೆಟ್ಟು ಒಂದು ಗೇಣು ಸರಿಯಿತು,
ಸಿಳ್ಳೆ ಎಲ್ಲೂ ತುಂಡಾಗಲಿಲ್ಲ.