ಮೂಗು ಕಟ್ಟಿದವರಿಗೆ

ಟಮಕದ ಕೈಗಾರಿಕಾ ಶೆಡ್ಡು, ನಂಬರು ಹದಿನೇಳು.
ಎಡಕ್ಕೆ ಕಬ್ಬಿಣದ ಮಂಚಕ್ಕೆ ಬಣ್ಣ ಹೊಡೆಯುವವರು,
ಬಲಕ್ಕೆ ಬೀಗ.
ನಡುವೆ ನಾನು, ಮುನಿಯಲ್ಲಮ್ಮ,
ಮತ್ತು ಮುಚ್ಚಿದ ಡೈರಿಯ ಕಂಡೆನ್ಸರಿಗೆ ಪಂಪು ಕಟ್ಟಿ
ಸಾರನ್ನು ಹಿಮ ಮಾಡಿ, ಹಿಮವನ್ನು ಹಾಗೇ ಹಾರಿಸಿ
ಒಣ ಸಾರು ತಟ್ಟೆಯಿಂದ ಕೆರೆದು ಕೊಡುವ ಇಮ್ದಾದ್.

ಪತ್ರ ಬಂದಿತ್ತು. ಮೊಹರಿತ್ತು.
ಗಗನಯಾತ್ರಿಗಳ ಊಟಕ್ಕೆ ಮಾದರಿ ಕಳಿಸಿ:
ಪುಡಿ ಉದುರಬಾರದು, ತೇವ ನೂರಕ್ಕೆ ಮೂರು ಮೀರಬಾರದು,
ಹದಿನೆಂಟು ತಿಂಗಳು ಕೆಡದೆ ಕೂರಬೇಕು.
ಹುರುಳಿ ಕೇರುತ್ತಲೇ ಕೇಳಿದಳು ಮುನಿಯಲ್ಲಮ್ಮ,
'ಅಲ್ಲಿ ಹೊಟ್ಟು ಹಾರಲ್ವಾ?'
ಹಾರುತ್ತೆ. ಕಾಳೂ ಹಾರುತ್ತೆ, ಮೊರವೂ, ಕೇರೋ ನೀನೂ.
'ಮತ್ತೆ ಕಾಳ್ಯಾವುದು ಹೊಟ್ಯಾವುದು ಗೊತ್ತಾಗೋದೆಂಗೆ?'
ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮೊದಲು ಕಳಿಸಿದ್ದು ಹುರಿಹಿಟ್ಟು, ಬೆಲ್ಲದ ಪಾಕದಲ್ಲಿ ಒತ್ತಿದ ಬಿಲ್ಲೆ.
ಅಂಚು ಪುಡಿಯಾಯಿತಂತೆ.
ಆಮೇಲೆ ಮುದ್ದೆ. ಒಣಗಿಸಿ ನೆನೆಸಿದರೆ ಗಂಟುಗಂಟು;
ಬೀದಿನಾಯಿ ಮೂಸಿ, ನಮ್ಮ ಮುಖ ನೋಡಿ ಹೋಯಿತು.
ಅಲ್ಲಿ ನೀರೇ ಮುದ್ದೆ ಕಟ್ಟುತ್ತದಂತೆ,
ಅಂಗೈ ಬೇಡ, ಹಿಟ್ಟಿನ ಕೋಲು ಬೇಡ.
'ಹಂಗಾರೆ ನಂದೇನು ಕೆಲಸ ಅಲ್ಲಿ!'
ಸಂಘದ ಸಾಲ ಎರಡು ಲಕ್ಷ ಎಂಬತ್ತು ಸಾವಿರ.
ಪೌಚಿಗೆ ಹನ್ನೊಂದೂವರೆ, ಒಳಗಿನ ಊಟಕ್ಕೆ ಒಂಬತ್ತು.

ಮೂರನೆಯ ಪತ್ರದ ಬುಡದಲ್ಲಿ
ಯಾರೋ ಪುಣ್ಯಾತ್ಮರು ಕೈಯಲ್ಲೇ ಗೀಚಿದ್ದರು:
ತೂಕವಿಲ್ಲದಲ್ಲಿ ಮೈಯ ನೀರು ತಲೆಗೇರಿ
ಮುಖ ಊದಿ, ನಾಲಿಗೆಗೆ ಎಲ್ಲವೂ ಸಪ್ಪೆ.
ನಿಮ್ಮ ರುಚಿ ಅಷ್ಟು ದೂರ ತಲುಪುವುದಿಲ್ಲ.

ಮುನಿಯಲ್ಲಮ್ಮ ಮೊರ ಕೆಳಗಿಟ್ಟಳು.
'ಇದುನ್ನ ಮೊದಲೇ ಹೇಳೋಕೇನಾಗಿತ್ತು?
ಅದು ನೆಗಡಿ, ಅಮ್ಮಣ್ಣಿ.
ಅಷ್ಟು ಓದಿದೋರು ಅಷ್ಟು ಮೇಲಕ್ಕೆ ಹೋಗಿ
ನೆಗಡಿ ಹಿಡಿಸ್ಕಂಡು ಕುಂತವ್ರೆ.'

ಆ ಸಂಜೆ ಹುರುಳಿ ಬೆಂದಿತು. ಕಟ್ಟು ಬಸಿದಳು,
ಕೆಂಡದಲ್ಲಿ ಬೆಳ್ಳುಳ್ಳಿ ಸುಟ್ಟಳು, ಮೆಣಸು ಜಜ್ಜಿದಳು.
ಹುಣಸೆ ಎಷ್ಟೆಂದು ನಾನು ತಕ್ಕಡಿ ಹಿಡಿದರೆ
ಅವಳು ಮೂಗಿನಲ್ಲೇ ತೂಗಿದಳು.
ಇಮ್ದಾದನಿಗೆ ನಿಜಕ್ಕೂ ಶೀತ,
ತಾನೇ ಕಟ್ಟಿದ ಯಂತ್ರದ ಗಾಳಿಯದು.
ಬೆಂಚಿನ ಮೇಲೆ ಕಾಲು ಎತ್ತರ, ತಲೆ ತುಸು ತಗ್ಗು,
ಅರ್ಧ ಗಂಟೆ ಮಲಗಿಸಿ ಬಾಯಿಗೆ ಸ್ಟ್ರಾ ಕೊಟ್ಟೆವು.
ಕುಡಿದ. ಸುಮ್ಮನಿದ್ದ. ಕಿವಿ ಕೆಂಪಾಯಿತು.
'ಅಮ್ಮೀ' ಎಂದ,
ಯಾರನ್ನು ಕರೆದನೋ.

ಆ ಸಾರು ಈಗ ಯಾವುದೋ ಕಪಾಟಿನ ಕತ್ತಲಲ್ಲಿ
ಒಂಬತ್ತು ತುಂಬಿ ಹತ್ತಕ್ಕೆ ಬಿದ್ದಿದೆ.
ಕೆಡುತ್ತದೋ ಎಂದು ಕಾಯುತ್ತಿದ್ದಾರೆ. ನಾವೂ.
'ಏನು ಆನೆ ಬಸುರೋ ಏನೋ' ಎನ್ನುತ್ತಾಳೆ ಮುನಿಯಲ್ಲಮ್ಮ.
ಅಷ್ಟರಲ್ಲಿ ಮಾತು ಎಪಿಎಂಸಿ ಮುಟ್ಟಿದೆ.
ಟೊಮೆಟೊ ಹೊತ್ತು ನಾಗಪುರ ದಾಟುವ ಲಾರಿಯವರು
ಬೆಳಗಿನ ಜಾವ ಶಟರು ಬಡಿಯುತ್ತಾರೆ:
'ಆ ಆಕಾಶದ ಸಾರು ಐದು ಕೊಡಿ.'
ಇಪ್ಪತ್ತೆಂಟು ರೂಪಾಯಿ.
ಚಿಲ್ಲರೆ ಇಲ್ಲವೆಂದರೆ ಎರಡು ಟೊಮೆಟೊ.

ಮೊನ್ನೆ ಮುಸ್ಸಂಜೆ ಅಂತರಗಂಗೆ ಬೆಟ್ಟದ ನೆತ್ತಿಯಲ್ಲಿ
ಒಂದು ಚುಕ್ಕಿ ಮಿನುಗದೆ, ನೇರ ಸಾಗಿತು.
ಅದರೊಳಗೆ ಜನ ಇದ್ದಾರೆ ಎಂದ ಇಮ್ದಾದ್.
ಮುನಿಯಲ್ಲಮ್ಮ ಸೆರಗಲ್ಲಿ ಮೂಗೊರೆಸಿಕೊಂಡು
ಅದು ಬಂಡೆಯ ಹಿಂದೆ ಇಳಿಯುವ ತನಕ ನೋಡಿ
ಕೇಳಿದಳು:
'ಅವ್ರು ಸೀನಿದ್ರೆ ಎಂಗೆ?'